ಇದು ಆ ಮೊಸಳೆಯಲ್ಲ ಎಂದವರು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಎಂಟನೇ ತರಗತಿಯ ಮಕ್ಕಳಿಗೆ ಜೀವಕೋಶದ ಚಿತ್ರ ಬರೆಸುತ್ತಿದ್ದೆ. ಫೋನು ಮಾಡಿದವನು ಅಮರೇಶ. ರಾಯಚೂರಿನ ಕಾಲೇಜಿನಲ್ಲಿ ನಾವಿಬ್ಬರೂ ಮೇಡಂ ಹತ್ತಿರ ಬಿ.ಎಸ್ಸಿ. ಒಟ್ಟಿಗೆ ಓದಿದವರು. ಈಗ ಅವನು ದೇವದುರ್ಗದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಮಾನ್ವಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. "ಮೇಡಂ ಹೋದ್ರು," ಎಂದಷ್ಟೇ ಹೇಳಿದ.

ನಿವೃತ್ತಿಯ ನಂತರ ಅವರು ಮಾನ್ವಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಹೋದಾಗ ಗಂಡಸರು ಮಣ್ಣಿಗೆ ಹೋಗಿದ್ದರು. ಒಳಗೆ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅವರ ಪೈಕಿ ವಯಸ್ಸಾದ ಒಬ್ಬ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ನೀನು ಯಾರ ಪೈಕಿ ಎಂದು ಕೇಳಿದರು. ಅವರ ಹತ್ತಿರ ಓದಿದವಳು ಎಂದೆ. ಏನು ಓದಿದಿ ಎಂದರು. ವನ್ಯಜೀವಿ ನಿರ್ವಹಣೆ ಮತ್ತು ಸಂರಕ್ಷಣೆ ಎಂದರೆ ಅವರಿಗೆ ಗೊತ್ತಾಗಲಿಕ್ಕಿಲ್ಲ ಎನಿಸಿ, ಅಡವಿ ಪ್ರಾಣಿ ಕಾಯುವ ಪಾಠ ಎಂದೆ. ಆಕೆ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನಮ್ಮ ಕಡಿ ಅಡವಿ ಎಲ್ಲದ ಬೇಟಾ?"

ಮೊದಲ ದಿನ ನಾವೂ ಅದನ್ನೇ ಕೇಳಿದ್ದೆವು.

ಆ ವಿಷಯವನ್ನು ನಾವು ಪ್ರೀತಿಯಿಂದ ಆರಿಸಿಕೊಂಡವರಲ್ಲ. ಐಚ್ಛಿಕ ಪತ್ರಿಕೆಗಳಲ್ಲಿ ಅದರಲ್ಲಿ ಅಂಕ ಸಲೀಸಾಗಿ ಬೀಳುತ್ತವೆ ಎಂದು ಹಿರಿಯರು ಹೇಳಿದ್ದರು, ಅಷ್ಟೇ. ಮೇಡಂ ಒಳಗೆ ಬಂದವರೇ ಎಲ್ಲರೂ ಒಂದೊಂದು ಚೀಟಿಯಲ್ಲಿ ಕಾಡುಪ್ರಾಣಿಗಳ ಹೆಸರು ಬರೆದುಕೊಡಿ ಎಂದರು. ಹುಲಿ, ಸಿಂಹ, ಆನೆ ಎಂದು ಬರೆದೆವು. ಒಬ್ಬ ಜಿರಾಫೆ ಎಂದೂ ಬರೆದ. ಎಲ್ಲವನ್ನೂ ಓದಿ ನೋಡಿ, ಇದರಲ್ಲಿ ರಾಯಚೂರು ಜಿಲ್ಲೆಯ ಒಂದು ಪ್ರಾಣಿಯೂ ಇಲ್ಲವಲ್ಲ ಎಂದರು. ನಮ್ಮ ಜಿಲ್ಲೆಯಲ್ಲಿ ಅಡವಿಯೇ ಎಲ್ಲಿದೆ ಮೇಡಂ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ನಮ್ಮ ಅಡವ್ಯಾಗ ಗಿಡ ಕಮ್ಮಿ ಅವ, ಅಷ್ಟ," ಎಂದರು.

ಇವತ್ತು ಕಾಲೇಜಿಗೆ ಬರುವಾಗ ದಾರಿಯಲ್ಲಿ ಏನು ಕಂಡಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ನಾನು ಗುಂಜಹಳ್ಳಿಯವಳು, ಬಸ್ಸಿನಲ್ಲಿ ಬರುತ್ತಿದ್ದೆ. ಹತ್ತಿ ಹೊಲದ ಬದುವಿನ ಮೇಲೆ ಒಂದು ನರಿ ನಿಂತು ಬಸ್ಸನ್ನೇ ನೋಡುತ್ತಿದ್ದುದನ್ನು ನಾಚಿಕೊಂಡೇ ಹೇಳಿದೆ. ಚಂದ್ರಬಂಡದ ಹುಡುಗನೊಬ್ಬ ಜೋಳದ ಹೊಲದಲ್ಲಿ ಚಿಗರಿ ಹಿಂಡು ಎಂದ. ಮಟಮಾರಿಯಿಂದ ಬರುತ್ತಿದ್ದವಳು ಮುಂಗುಸಿ ಎಂದಳು. ಕೊನೆಗೆ ಎದ್ದ ಅಮರೇಶ, "ನಮ್ಮೂರ ಹೊಳ್ಯಾಗ ಮೊಸಳಿ ಅವರಿ," ಎಂದ. ಮೇಡಂ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದರು, ಇದೇ ನಿಮ್ಮ ಸಿಲೆಬಸ್ ಎಂದರು. ಪುಸ್ತಕದ ಸಿಲೆಬಸ್ ಬೇರೆಯೇ ಇತ್ತು. ಅದನ್ನೂ ಮುಗಿಸಿದರು. ಆದರೆ ನಮಗೆ ಇವತ್ತಿಗೂ ನೆನಪಿರುವುದು ಹಲಗೆಯ ಮೇಲಿನದು.

ನೋಡಲು ಕುಳ್ಳಗೆ ಇದ್ದರು. ದಪ್ಪ ಕನ್ನಡಕ, ಕೈಗೆ ಗಂಡಸರ ಗಡಿಯಾರ, ಸಲ್ವಾರಿನ ಕೆಳಗೆ ಕ್ಯಾನ್‌ವಾಸ್ ಬೂಟು. ತಲೆಯ ಮೇಲಿನ ದುಪಟ್ಟಾ ಜಾರುತ್ತಲೇ ಇರುತ್ತಿತ್ತು. ಪಾಠದ ನಡುವೆ ಅದನ್ನು ಮೇಲೆಳೆದುಕೊಳ್ಳುವುದು ಅವರಿಗೆ ಉಸಿರಾಡಿದಷ್ಟು ಸಹಜ. ಚೀಲದಲ್ಲಿ ಸದಾ ಪುಟಾಣಿ, ಬೆಲ್ಲ. ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅದಕ್ಕೇ ಹೆಚ್ಚು ಹೆದರುತ್ತಿದ್ದೆವು. ಒಮ್ಮೊಮ್ಮೆ ವಾಕ್ಯದ ನಡುವೆಯೇ ನಿಂತು ಕಿಟಕಿಯ ಕಡೆ ಕಿವಿಗೊಡುವರು. ಹೊರಗೆ ಯಾವುದೋ ಹಕ್ಕಿ. ಅದು ಸುಮ್ಮನಾದ ಮೇಲೆ, ಬಿಟ್ಟ ಪದದಿಂದಲೇ ಪಾಠ ಮುಂದುವರಿಯುವುದು.

ಉತ್ತರಪತ್ರಿಕೆಯಲ್ಲಿ ಯಾರಾದರೂ 'ಕ್ರೂರ ಪ್ರಾಣಿ' ಎಂದು ಬರೆದರೆ ಕ್ರೂರ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ 'ಹಸಿದ' ಎಂದು ಬರೆಯುತ್ತಿದ್ದರು.

ಕಾಲೇಜಿನ ಹಳೆಯ ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದು ಜೋಡಿ ಕಣಜ ಗೂಬೆಗಳು ಇದ್ದವು. ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆ ಅದು. ಗೂಬೆ ಕೂತ ಕಟ್ಟಡ ಉದ್ಧಾರವಾಗುವುದಿಲ್ಲ ಎಂದು ಜವಾನರು ಹೊಗೆ ಹಾಕಲು ತಯಾರಾದರು. ಪ್ರಾಂಶುಪಾಲರೂ ಹೂಂ ಅಂದಿದ್ದರು. ಮೇಡಂ ವಾದಕ್ಕೆ ಹೋಗಲಿಲ್ಲ. ನಮ್ಮನ್ನು ಆ ಕೋಣೆಗೆ ಕರೆದೊಯ್ದು, ಗೂಬೆಗಳು ತಿಂದು ಉಗುಳಿದ್ದ ಒಣ ಉಂಡೆಗಳನ್ನು ಆರಿಸಿ ತರಿಸಿದರು. ಪ್ರಾಕ್ಟಿಕಲ್ ತರಗತಿಯಲ್ಲಿ ಅವನ್ನು ನೀರಲ್ಲಿ ನೆನೆಸಿ ಚಿಮಟದಿಂದ ಬಿಡಿಸಿದೆವು. ಒಳಗೆ ಬರೀ ಇಲಿಯ ಎಲುಬು. ಚಿಕ್ಕ ಚಿಕ್ಕ ತಲೆಬುರುಡೆಗಳನ್ನೆಲ್ಲ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಆ ತಟ್ಟೆಯನ್ನು ಸೀದಾ ಪ್ರಾಂಶುಪಾಲರ ಮೇಜಿನ ಮೇಲಿಟ್ಟು, "ಪಗಾರ ಇಲ್ದ ದುಡ್ಯಾಕತ್ತಾರ್ರಿ ಸರ್ ಅವ್ರು," ಎಂದರಂತೆ. ಲೈಬ್ರರಿಯ ಪುಸ್ತಕಗಳನ್ನು ಇಲಿ ಕಡಿಯುತ್ತವೆಂದು ಅದೇ ವಾರ ದೂರು ಬಂದಿತ್ತು. ಪ್ರಾಂಶುಪಾಲರು ನಕ್ಕುಬಿಟ್ಟರು. ಗೂಬೆಗಳು ಉಳಿದವು.

ಚಳಿಗಾಲದಲ್ಲಿ ಒಮ್ಮೆ ನಮ್ಮನ್ನು ಮಾನ್ವಿಗೆ ಕರೆದೊಯ್ದರು. ಊರ ಹತ್ತಿರದ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಳಿದಿದ್ದವು. ಒಂದೇ ದುರ್ಬೀನು, ಸರದಿಯ ಮೇಲೆ ನೋಡಿದೆವು. ಆಮೇಲೆ ಅವರ ಮನೆಯಲ್ಲಿ ಊಟ. ಅವರ ತಂದೆಯದು ಕಟ್ಟಿಗೆ ಅಡ್ಡೆ: ಮನೆ ಕಟ್ಟುವವರಿಗೆ ತೊಲೆ, ಒಲೆ ಉರಿಸುವವರಿಗೆ ಸೌದೆ. ಅಂಗಳದ ತುಂಬ ಸೀಳಿದ ಮರ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಂಗೆ ಅದು ಗೊತ್ತಾಯಿತು. "ನಮ್ಮ ಅಬ್ಬಾ ಕಟಗಿ ಮಾರಿ ನನ್ನ ಓದಿಸಿದ್ರು. ನಾ ಗಿಡ ಕಡೀಬ್ಯಾಡ್ರಿ ಅಂತ ಪಾಠ ಮಾಡಾಕತ್ತೀನಿ. ಊಟಕ್ಕ ಕುಂತಾಗೆಲ್ಲ ಈ ಮನ್ಯಾಗ ಇದೇ ನಗಿ," ಎಂದು ಅವರೇ ಹೇಳಿದರು. ಒಳಗಿನಿಂದ ಅವರ ತಾಯಿ ದಖ್ಖನಿಯಲ್ಲಿ ಏನೋ ಬೈದರು. ಹುಡುಗರಿಗೆ ಮೊದಲು ಅನ್ನ ಹಾಕು, ಆಮೇಲೆ ಭಾಷಣ ಮಾಡು ಎಂದರಂತೆ.

ಉಣ್ಣುವಾಗ ಅವರ ತಮ್ಮ ಇನ್ನೊಂದು ಸಂಗತಿ ಹೇಳಿದರು. ಹರೆಯದಲ್ಲಿ ಮೇಡಂ ಅರಣ್ಯ ಇಲಾಖೆಯ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆದು ಪಾಸಾಗಿದ್ದರಂತೆ. ಅದಕ್ಕೆ ನಡಿಗೆಯ ಪರೀಕ್ಷೆಯೂ ಒಂದಿತ್ತು. ಎಲ್ಲರೆದುರು ರಸ್ತೆಯ ಮೇಲೆ ಬಹಳ ದೂರ ಬಿರುಸಾಗಿ ನಡೆಯಬೇಕು. ಅಪ್ಪ ಬೇಡ ಎಂದರು, ಅಲ್ಲಿಗೆ ನಿಂತಿತು ಎಂದು ತಮ್ಮ ಹೇಳುತ್ತಿದ್ದಾಗ ಮೇಡಂ ತಟ್ಟೆಯಿಂದ ತಲೆ ಎತ್ತಿದರು. "ಅಬ್ಬಾ ಬ್ಯಾಡ ಅನ್ನಲಿಲ್ಲ. ನಾನ ಅವರ ಮಾರಿ ನೋಡಿ ಹೋಗಲಿಲ್ಲ." ಅಷ್ಟು ಹೇಳಿ ನನಗೆ ಇನ್ನೊಂದು ಸಾರಿ ದಾಲ್ಚಾ ಬಡಿಸಿದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಇನ್ನು ಅಮರೇಶನ ಊರಿನ ಸಂಗತಿ. ಇದನ್ನು ಹೇಳದೆ ಅವರ ಬಗ್ಗೆ ಏನು ಹೇಳಿದರೂ ಪೂರ್ತಿಯಾಗುವುದಿಲ್ಲ.

ದೇವದುರ್ಗ ತಾಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿನ ಚಿಕ್ಕ ಊರು ಅದು. ಆ ವರ್ಷ ಬೇಸಿಗೆ ಹತ್ತುವ ಮುಂಚೆಯೇ ಹೊಳೆ ಸೊರಗಿ, ನೀರು ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ಅಮರೇಶನ ತಾಯಿ ಈರಮ್ಮ ಎಂದಿನಂತೆ ಬಟ್ಟೆ ಒಗೆಯಲು ಹೋಗಿ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿದ್ದಾಗ ಮೊಸಳೆ ಹಿಡಿಯಿತು. ಪಕ್ಕದಲ್ಲಿದ್ದ ಹೆಂಗಸರು ಬಿಡಲಿಲ್ಲ. ಒಗೆಯುವ ಕಲ್ಲು, ಕೊಡ, ಕೈಗೆ ಸಿಕ್ಕಿದ್ದರಲ್ಲಿ ಬಡಿದು ಎಳೆದುಕೊಂಡರು. ಜೀವ ಉಳಿಯಿತು. ಎಡಗೈಯನ್ನು ರಾಯಚೂರಿನ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು.

ಅಮರೇಶ ತರಗತಿಗೆ ಬರುವುದು ನಿಂತಿತು. ಒಂದು ದಿನ ಬಂದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಅವತ್ತು ಪಾಠ, ಮನುಷ್ಯ ಮತ್ತು ವನ್ಯಜೀವಿಗಳ ನಡುವಿನ ಸಂಘರ್ಷ. ಪಠ್ಯದ ಕ್ರಮದಲ್ಲಿ ಅದು ಅವತ್ತೇ ಬಂದಿತ್ತು. ಅವನನ್ನು ನೋಡಿ ಮೇಡಂ ಪುಸ್ತಕ ಮುಚ್ಚಲು ಹೋದರು. ಅಷ್ಟರಲ್ಲಿ ಅವನೇ ಎದ್ದು ನಿಂತ.

"ಮೇಡಂ, ನಮ್ಮವ್ವ ಹುಟ್ಟಿದಾಗಿಂದ ಆ ಹೊಳಿ ದಂಡಿ ಮ್ಯಾಲ ಅದಾಳ್ರಿ. ಮೊಸಳಿ ಕಂಡ್ರ ಒಮ್ಮೀನೂ ಕಲ್ಲು ಒಗದಾಕಿ ಅಲ್ಲ. ಈಗ ಅಕಿಗೆ ಏನು ಹೇಳ್ಲಿ? ಅದು ಹಸದಿತ್ತವ್ವ ಅಂತ ಹೇಳ್ಲೇನ್ರಿ?"

ಮೇಡಂ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಹೇಳಬ್ಯಾಡಪ್ಪಾ," ಎಂದರು. "ಯಾವ ವಾರ್ಡಿನ್ಯಾಗ ಅದಾರ ಹೇಳು. ಇವತ್ತ ಹೋಗೂಣು."

ಸಂಜೆ ಅವರ ಜೊತೆ ನಾನೂ ಹೋದೆ. ಈರಮ್ಮ ಮಗ್ಗುಲಾಗಿ ಮಲಗಿದ್ದರು. ಮೊಸಳೆಯ ಪಾಠ ಮಾಡುವವರು ಇವರೇನು ಎಂದು ಮಗನನ್ನು ಕೇಳಿದರು, ಗೋಡೆಯ ಕಡೆ ಹೊರಳಿದರು. ಅವರ ತಂಗಿ ಹೊದಿಕೆ ಸರಿಸಿ ಗಾಯ ತೋರಿಸಿದರು. ಹಲ್ಲಿನ ಗುರುತುಗಳು ಹೆಗಲಿನಿಂದ ಹಿಡಿದು ಪಕ್ಕೆಲುಬಿನ ತನಕ ಇಳಿದಿದ್ದವು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಈರಮ್ಮ ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಸಂಜೆ ಗಂಜಿ ತಗೊಂಡು ಹೋಗುತ್ತಿದ್ದರು. ಈರಮ್ಮ ಗಂಜಿ ಕುಡಿಯುತ್ತಿದ್ದರು, ಮುಖ ಮಾತ್ರ ಕೊಡುತ್ತಿರಲಿಲ್ಲ.

ಬೇಸಿಗೆ ಜೋರಾದಾಗ, ಈರಮ್ಮ ಮನೆಗೆ ಹೋದ ಮೇಲೆ, ಒಂದು ಬೆಳಿಗ್ಗೆ ಅಮರೇಶ ನನಗೆ ಫೋನು ಮಾಡಿದ. ಊರವರು ಬಲೆ ಹಾಕಿ ಮೊಸಳೆ ಹಿಡಿದಿದ್ದಾರೆ, ಜಾಲಿ ಮರಕ್ಕೆ ಕಟ್ಟಿದ್ದಾರೆ, ಕೊಲ್ಲುವುದೇ ಸೈ ಎನ್ನುತ್ತಿದ್ದಾರೆ. ಮೇಡಂಗೆ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ ಎಂದ. ನಾನೇ ಅವರಿಗೆ ಹೇಳಿದೆ. ಅವರು ಮೊದಲು ಅರಣ್ಯ ಇಲಾಖೆಗೆ ಫೋನು ಮಾಡಿದರು. ಜೀಪು ಬೇರೆ ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದು ಅಲ್ಲಿಂದ ಉತ್ತರ ಬಂತು. ನಾವಿಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು, ಅಲ್ಲಿಂದ ಟಂಟಂ ಆಟೋ ಹಿಡಿದೆವು. ದಾರಿಯುದ್ದಕ್ಕೂ ಪುಟಾಣಿಯ ಪೊಟ್ಟಣ ಅವರ ಮಡಿಲಲ್ಲೇ ಇತ್ತು, ಬಿಚ್ಚಲಿಲ್ಲ.

ಹೊಳೆಯ ದಂಡೆಯಲ್ಲಿ ಊರಿಗೂರೇ ಸೇರಿತ್ತು. ಮೊಸಳೆಯ ಬಾಯಿಗೂ ಕಾಲಿಗೂ ಹಗ್ಗ. ಬಿಸಿಲಿಗೆ ಮೈ ಒಣಗಿ ಬಿಳಿಚಿತ್ತು. ಕೋಲು ಹಿಡಿದವರು ತಿವಿಯುತ್ತಿದ್ದರು. ತಿವಿದಾಗೆಲ್ಲ ಅದು ಕಣ್ಣು ಪಿಳುಕಿಸಿ ಹೊರಳುತ್ತಿತ್ತು. ಮೇಡಂ ಎಲ್ಲರಿಗೂ ಕೈ ಮುಗಿದರು. ಕೊಲ್ಲಬೇಡಿ ಎಂದು ಹೇಳುತ್ತಾರೆ ಎಂದು ಎಲ್ಲರೂ ಕಾದಿದ್ದರು. ಅವರು ತಲೆಯ ಮೇಲಿನ ದುಪಟ್ಟಾ ತೆಗೆದು, ಹೊಳೆಯಲ್ಲಿ ಅದ್ದಿ ತಂದು, ಮೊಸಳೆಯ ಕಣ್ಣಿನ ಮೇಲೆ ಹೊದಿಸಿದರು. ನಾವ್ಯಾರೂ ಅವರನ್ನು ಪೂರ್ತಿ ಬರಿತಲೆಯಲ್ಲಿ ನೋಡಿರಲಿಲ್ಲ. ಅಷ್ಟು ಬೆಳ್ಳಗಾಗಿದೆ ಕೂದಲು ಎಂದು ನನಗೆ ಗೊತ್ತಾದದ್ದೇ ಆಗ. ಮೊಸಳೆ ಹೊರಳಾಡುವುದನ್ನು ನಿಲ್ಲಿಸಿತು. ಅದಕ್ಯಾಕೆ ಕಣ್ಣು ಮುಚ್ಚುತ್ತೀರಿ ಎಂದು ಒಬ್ಬ ಮುದುಕಿ ಕೇಳಿದಳು. ಅದು ಹೆದರಿಕೊಂಡಿದೆ ಎಂದರು ಮೇಡಂ.

ಮರಳಿನ ಮೇಲೆ ಕೂತು ಅದರ ದವಡೆಗೆ ಗೇಣು ಹಾಕಿ ಅಳೆದರು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೈ ಅಲ್ಲೇ ಬಿಟ್ಟು ಹೊಳೆಯ ಕಡೆ ನೋಡಿದರು. ಆಮೇಲೆ ಕೊಡ ಹಿಡಿದು ನಿಂತಿದ್ದ ಹೆಂಗಸರ ಕಡೆ. ಹೆಗಲಿನಿಂದ ಪಕ್ಕೆಯ ತನಕ ಗುರುತು ಬಿಟ್ಟ ಬಾಯಿ ಇದಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ಅದನ್ನು ಹೇಳಿದರೆ ಊರವರು ಹೊಳೆಗಿಳಿದು ಇನ್ನೆಷ್ಟು ಮೊಸಳೆಗಳನ್ನು ಹಿಡಿದು ಕೊಲ್ಲುತ್ತಾರೋ. ಹೇಳದಿದ್ದರೆ, ಪೀಡೆ ತೊಲಗಿತು ಎಂದು ನಾಳೆ ಇದೇ ಹೆಂಗಸರು ಇದೇ ನೀರಿಗೆ ಇಳಿಯುತ್ತಾರೆ. ತಾನು ಆಗ ಇಷ್ಟನ್ನೇ ಯೋಚಿಸುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದರು.

ಎದ್ದು ನಿಂತರು. "ಇದು ಆ ಮೊಸಳಿ ಅಲ್ರಿ," ಎಂದರು.

ಒಮ್ಮೆಲೇ ಗದ್ದಲ ಎದ್ದಿತು. ಇದನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದರು. ಕೈ ಹೋದದ್ದು ಇವಳದಲ್ಲವಲ್ಲ ಎಂದರು. ಯಾರೋ ಕೋಲಿನಿಂದ ಅವರ ಹೆಗಲನ್ನು ಪಕ್ಕಕ್ಕೆ ತಳ್ಳಿದರು. ಕನ್ನಡಕ ಮರಳಿಗೆ ಬಿತ್ತು. ನಾನು ಎತ್ತಿಕೊಟ್ಟೆ. ಒರೆಸಿಕೊಳ್ಳದೆ ಹಾಗೇ ಹಾಕಿಕೊಂಡು, ಎದುರಿಗಿದ್ದ ಅಮರೇಶನ ತಂದೆಗೇ ಹೇಳಿದರು.

"ಇದು ಉಳೀಲಿ ಅಂತ ನನಗ ಆಸಿ ಅದರಿ, ಇಲ್ಲ ಅನ್ನಂಗಿಲ್ಲ. ಆದ್ರ ಅದರ ಸಲುವಾಗಿ ಹೇಳಾಕತ್ತಿಲ್ಲ. ಇದನ್ನ ಕೊಂದು ನೀವು ನಿಶ್ಚಿಂತಿ ಆಗ್ತೀರಿ. ದೊಡ್ಡದು ಇನ್ನಾ ಅಲ್ಲೇ ಅದ."

ಅಮರೇಶನ ತಂದೆ ಮಗನ ಕಡೆ ತಿರುಗಿದರು. "ನೀ ಓದಿದಾಂವ. ನೀ ಹೇಳು."

ಮೇಡಂ ಅವನ ಕಡೆ ನೋಡಲಿಲ್ಲ. ಬೇಕೆಂದೇ ಬೇರೆ ಕಡೆ ಮುಖ ಮಾಡಿ ನಿಂತರು. ಅಮರೇಶ ಬಂದು ಮಂಡಿಯೂರಿ ತಾನೂ ಗೇಣು ಹಾಕಿ ನೋಡಿದ. ಮನೆಗೆ ಬಂದ ಮೇಲೆ ತಾಯಿಯ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದವನು ಅವನೇ. "ಅಪ್ಪಾ, ಅವ್ವನ ಗಾಯ ದಿನಾ ತೊಳಿಯಾಂವ ನಾನು. ಈ ಬಾಯಿ ಅಷ್ಟಕ್ಕ ಸಾಲಂಗಿಲ್ಲ," ಎಂದ.

ತಂದೆ ಅವನ ಕೆನ್ನೆಗೆ ಹೊಡೆದರು. ಹೊಡೆದ ಕೈಯನ್ನು ಹಾಗೇ ಹಿಡಿದುಕೊಂಡು ಮರಳಿನ ಮೇಲೆ ಕುಕ್ಕರಿಸಿ ಕೂತುಬಿಟ್ಟರು. ಆಮೇಲೆ ಯಾರೂ ಕೋಲು ಎತ್ತಲಿಲ್ಲ.

ಆದರೂ ಆ ಮೊಸಳೆ ಉಳಿಯಲಿಲ್ಲ. ಹಗ್ಗ ಸಡಿಲಿಸಿದೆವು, ನೀರು ಸುರಿದೆವು. ಬೆಳಗಿನಿಂದ ಬಿಸಿಲಲ್ಲಿ ಬಿದ್ದು ಪೆಟ್ಟು ತಿಂದಿತ್ತು. ಜೀಪು ಬರುವಷ್ಟರಲ್ಲಿ ಸತ್ತಿತ್ತು. ಮೇಡಂ ದುಪಟ್ಟಾ ತೆಗೆಯಲಿಲ್ಲ. ಅದರ ಮೇಲೆಯೇ ಬಿಟ್ಟರು. ಜೀಪಿನಲ್ಲಿ ಬಂದ ಅಧಿಕಾರಿ, ಇದು ದೊಡ್ಡ ಅಪರಾಧ, ಊರವರ ಮೇಲೆ ಕೇಸು ಹಾಕಬೇಕಾಗುತ್ತದೆ ಎಂದು ಗದರಿಸತೊಡಗಿದರು. ಅಷ್ಟು ಹೊತ್ತು ಊರವರ ಬೈಗುಳ ತಿಂದಿದ್ದ ಮೇಡಂ ಆಗ ದನಿ ತಗ್ಗಿಸಿದರು. ಇನ್ನು ಆ ಅಧಿಕಾರಿಯ ಕಥೆ ಮುಗಿಯಿತು ಎಂದುಕೊಂಡೆ.

"ಸರ್, ಈ ಊರ ನಲ್ಲ್ಯಾಗ ನೀರು ಬಂದು ಎಷ್ಟು ದಿನ ಆತು ಅಂತ ಆ ಹೆಣ್ಮಕ್ಕಳನ್ನ ಕೇಳ್ರಿ. ಮೋಟಾರು ಸುಟ್ಟು ಕುಂತದ, ಯಾರೂ ತಿರುಗಿ ನೋಡಿಲ್ಲ. ಮೊದ್ಲು ಅದಕ್ಕೊಂದು ಕೇಸ್ ಹಾಕ್ರಿ. ಆಮ್ಯಾಲ ಇವರ ಮ್ಯಾಲ ಹಾಕ್ರಂತ."

ಕೇಸು ಆಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ನನ್ನ ಓಢಣಿ ಇಸಿದುಕೊಂಡು ತಲೆಗೆ ಸುತ್ತಿಕೊಂಡರು. ಗಬ್ಬೂರು ದಾಟಿದ ಮೇಲೆ ಅತ್ತರು. ಯಾವುದಕ್ಕೆ ಎಂದು ನನಗೆ ಹೇಳಲು ಬರುವುದಿಲ್ಲ. ಮೊಸಳೆಗೂ ಇರಬಹುದು, ಅಮರೇಶನ ಕೆನ್ನೆಗೂ ಇರಬಹುದು.

ಊರವರು ಅವರ ಮಾತನ್ನು ಪೂರ್ತಿ ನಂಬಲಿಲ್ಲ. ಪೂರ್ತಿ ಬಿಡಲೂ ಇಲ್ಲ. ಹೆಂಗಸರು ನೀರಿಗಿಳಿಯುವುದು ನಿಲ್ಲಿಸಿ, ದಂಡೆಯ ಎತ್ತರದ ಬಂಡೆಯಿಂದ ಹಗ್ಗ ಕಟ್ಟಿ ಕೊಡ ಬಿಡತೊಡಗಿದರು. ಮೊದಲ ಮಳೆಗೆ ಮುಂಚೆ ಒಂದು ಸಂಜೆ, ಅಷ್ಟೂ ಜನ ನೋಡುತ್ತಿದ್ದಂತೆ, ಬಟ್ಟೆ ಒಗೆಯುತ್ತಿದ್ದ ಅದೇ ಜಾಗದಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆಯ ಕರುವನ್ನು ದೊಡ್ಡ ಮೊಸಳೆಯೊಂದು ಎಳೆದುಕೊಂಡು ಹೋಯಿತು. ನೀರಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಮರೇಶ ಇದನ್ನು ಫೋನಿನಲ್ಲಿ ಹೇಳಿದಾಗ ಮೇಡಂ ಕುರ್ಚಿಯ ಮೇಲೆ ಕೂತರು. ಎಲ್ಲರೂ ಇದ್ದಾರಲ್ಲ ಎಂದು ಎರಡೆರಡು ಸಾರಿ ಕೇಳಿದರು.

ಕಾಲೇಜಿನಲ್ಲಿ ಇದಕ್ಕೆ ಮೆಚ್ಚುಗೆಯೇನೂ ಸಿಗಲಿಲ್ಲ. ವಿದ್ಯಾರ್ಥಿನಿಯನ್ನು ಕರೆದುಕೊಂಡು ಗಲಾಟೆಯ ಜಾಗಕ್ಕೆ ಹೋದದ್ದು ತಪ್ಪು ಎಂದು ಆಡಳಿತದವರು ಅವರನ್ನು ಕರೆಸಿ ಹೇಳಿದರು, ಹೊರಸಂಚಾರ ನಿಲ್ಲಿಸಿದರು. ತಪ್ಪಾಯಿತು, ಹುಡುಗಿಯನ್ನು ಒಯ್ಯಬಾರದಿತ್ತು ಎಂದು ಒಪ್ಪಿಕೊಂಡು ಬಂದರಂತೆ. ಅಂದಿನಿಂದ ಒಬ್ಬರೇ ಹೋಗುತ್ತಿದ್ದರು. ರಜೆ ಹಾಕಿ ದೇವದುರ್ಗದ ಕಚೇರಿಗಳಿಗೆ ಅಲೆದರು: ನೀರಿನ ಮೋಟಾರಿಗಾಗಿ ಒಂದು ಕಡೆ, ಹೊಳೆಯ ಮೆಟ್ಟಿಲಿಗೆ ಬೇಲಿ ಹಾಕಿಸಲು ಇನ್ನೊಂದು ಕಡೆ. ನೀರು ಹರಿದು ಬರಬೇಕು, ಮೊಸಳೆ ಬರಬಾರದು, ಹಾಗೆ ಮೂರು ಕಡೆ ಕಬ್ಬಿಣದ ಜಾಳಿಗೆ ನಿಲ್ಲಿಸಬೇಕು. ಬೇರೆ ಕಡೆಗಳಲ್ಲಿ ಹೀಗೆ ಮಾಡಿದ್ದಾರೆಂದು ಚಿತ್ರ ಬರೆದು ತೋರಿಸುತ್ತಿದ್ದರು. ಮೊಸಳೆ ಮೇಡಂ ಬಂದರು ಎಂದು ಗುಮಾಸ್ತರು ನಗುತ್ತಿದ್ದರು. ಇವರೂ ನಗುತ್ತಿದ್ದರು, ಆದರೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಮ್ಮ ಪದವಿ ಮುಗಿದು, ನಾನು ಬಿ.ಎಡ್. ಸೇರಿದ ಮೇಲೆ ಮೋಟಾರು, ಜಾಳಿಗೆ ಎರಡೂ ಆದವು. ಅವರು ನಿವೃತ್ತರಾದ ಮೇಲೆ ಕಾಲೇಜಿನಲ್ಲಿ ಆ ಐಚ್ಛಿಕ ಪತ್ರಿಕೆಗೆ ಮಕ್ಕಳು ಸೇರುತ್ತಿಲ್ಲ ಎಂದು ಅದನ್ನು ನಿಲ್ಲಿಸಿದರೆಂದು ಕೇಳಿದ್ದೇನೆ.

ಜಾಳಿಗೆ ನಿಂತ ಮೇಲೂ ಅದರೊಳಗೆ ಯಾರೂ ಇಳಿಯಲಿಲ್ಲ. ಮೋಟಾರಿನ ನೀರು ಕುಡಿಯಲಿಕ್ಕಷ್ಟೇ ಸಾಲುತ್ತಿತ್ತು. ಬಟ್ಟೆಗೆ, ಜಳಕಕ್ಕೆ ಹೊಳೆಯೇ ಗತಿ. ಆದರೆ ಭಯ ಹೋಗಿರಲಿಲ್ಲ. ಅಮರೇಶ ಹೇಳಿಕಳಿಸಿದ ಮೇಲೆ ಮೇಡಂ ಬಂದರು, ನಾನೂ ಹೋದೆ. ಬೆಳಗಿನ ಹೊತ್ತು. ಮೆಟ್ಟಿಲ ಮೇಲೆ ಹೆಂಗಸರು ಅರಿವೆ ಗಂಟು ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ಈರಮ್ಮ. ಆ ದಿನದಿಂದ ಅವರು ಹೊಳೆಯ ಹತ್ತಿರ ಸುಳಿದಿರಲಿಲ್ಲ. ಅವತ್ತು ಯಾಕೆ ಬಂದಿದ್ದರೋ, ಮಗನೂ ಕರೆದಿರಲಿಲ್ಲವಂತೆ.

ಮೇಡಂ ಬೂಟು ಕಳಚಿಟ್ಟು, ತೊಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರು. ಮೊಣಕಾಲು ಮುಳುಗುವಷ್ಟರಲ್ಲಿ ನಿಂತರು. ಎರಡೂ ಕೈಯಿಂದ ಜಾಳಿಗೆ ಹಿಡಿದುಕೊಂಡರು. ಮುಖ ಬಿಳಿಚಿಹೋಗಿತ್ತು. ಅವರಿಗೆ ಈಜು ಬರುವುದಿಲ್ಲ, ಹರಿಯುವ ನೀರಿಗೆ ಒಮ್ಮೆಯೂ ಇಳಿದವರಲ್ಲ ಎಂಬುದು ನನಗೂ ಆಗಲೇ ಗೊತ್ತಾದದ್ದು. ಹಿಂದೆ ತಿರುಗಿ ನಮ್ಮ ಕಡೆ ನೋಡಿದರು. ಒಂದಿಬ್ಬರು ಹುಡುಗಿಯರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಈರಮ್ಮ ಮೇಲಿನಿಂದ ನೋಡುತ್ತಲೇ ಇದ್ದರು. "ಅಕ್ಕಾರ, ಹಂಗ ನಿಂತ್ರ ಜಾರ್ತೀರಿ. ಕಾಲು ಅಗಲ ಇಡ್ರಿ," ಎಂದರು. ಅವರು ಮೇಡಂ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಮೇಡಂ ಕಾಲು ಕೀಳಲಿಲ್ಲ, ಕೀಳಲು ಆಗುತ್ತಿರಲಿಲ್ಲ. ಈರಮ್ಮ ಗೊಣಗಿದರು. ಬಲಗೈಯಿಂದ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿಯತೊಡಗಿದರು. ನೀರಿನ ಅಂಚಿನಲ್ಲಿ ಒಂದು ಗಳಿಗೆ ನಿಂತರು. ಅಮರೇಶ ಮುಂದೆ ಬರಲು ಹೋದ; ಬೇಡ ಎಂದು ಕಣ್ಣಲ್ಲೇ ಅಂದರು. ಆಮೇಲೆ ಇಳಿದೇಬಿಟ್ಟರು. ಮೇಡಂ ನಿಂತಲ್ಲಿಗೆ ಹೋಗಿ ಅವರ ತೋಳನ್ನು ಹಿಡಿದು ಜಾಳಿಗೆಯಿಂದ ಬಿಡಿಸಿದರು.

"ನನಗ ಒಂದ ಕೈ ಅದರಿ," ಎಂದರು ಈರಮ್ಮ. "ಗಟ್ಟಿ ಹಿಡ್ಕೊಳ್ರಿ."

ಮೇಡಂ ಎರಡೂ ಕೈಯಿಂದ ಹಿಡಿದುಕೊಂಡರು. ಈರಮ್ಮ ಅವರನ್ನು ಮೆಲ್ಲಗೆ ಸೊಂಟದುದ್ದದ ನೀರಿನ ತನಕ ನಡೆಸಿಕೊಂಡು ಹೋದರು. ಅವರ ಹಿಂದೆ ಉಳಿದ ಹೆಂಗಸರೂ ಗಂಟು ಬಿಚ್ಚಿ ಒಬ್ಬೊಬ್ಬರಾಗಿ ಇಳಿದರು.